ಹೊಸಕ್ಕಿ ಅನ್ನ ಮುದ್ದೆಯಾಗ್ತಿದೆ, ನೀರು ಎಷ್ಟು ಹಾಕಬೇಕು?

ಗದ್ದೆಬದು, ಮಡಿಕೇರಿ:
ಹುತ್ತರಿ ಕಳೆದ ಮೇಲೆ ಹೊಸಕ್ಕಿ ಬಳಸ್ತಿದ್ದೇವೆ. ಹಳೆ ಅಕ್ಕಿಯ ಲೆಕ್ಕದಲ್ಲೇ ಲೋಟಕ್ಕೆ ಎರಡೂವರೆ ಲೋಟ ನೀರಿಟ್ಟರೆ ಕುಕ್ಕರಲ್ಲಿ ಅನ್ನ ಮುದ್ದೆ. ತೆರೆದ ಪಾತ್ರೆಯಲ್ಲಿಟ್ಟರೆ ಮೇಲೆ ಕರಗಿ ನಡುವೆ ಕಾಳು ಉಳಿಯುತ್ತೆ. ಅದೇ ಲೆಕ್ಕದಲ್ಲಿ ನಾಲ್ಕು ಲೋಟ ಅಕ್ಕಿ ಇಟ್ಟಾಗಂತೂ ಗಂಜಿಯೇ. ಕಡಂಬುಟ್ಟಿನ (ಹಬೆಯಲ್ಲಿ ಬೇಯಿಸೋ ಅಕ್ಕಿತರಿ ಉಂಡೆ) ತರಿಗೂ ಅಳತೆ ಹೇಳಿ.

ಒಲೆಮುಂದೆ:
ತಪ್ಪಿರೋದು ಗುಣಾಕಾರದಲ್ಲಿ. ಹಾಕಿದ ನೀರಲ್ಲಿ ಒಂದು ಪಾಲು ಅಕ್ಕಿ ಕುಡಿಯುತ್ತೆ, ಇನ್ನೊಂದು ಪಾಲು ಆವಿಯಾಗಿ ಹೋಗುತ್ತೆ. ಕುಡಿಯೋ ಪಾಲು ಅಕ್ಕಿ ಜಾಸ್ತಿಯಾದ ಹಾಗೆ ಜಾಸ್ತಿಯಾಗುತ್ತೆ. ಆವಿಯ ಪಾಲು ಮಾತ್ರ ಪಾತ್ರೆ, ಉರಿ, ಮುಚ್ಚಳಕ್ಕೆ ಸೇರಿದ್ದು. ಅಕ್ಕಿ ನಾಲ್ಕು ಪಟ್ಟಾದರೂ ಅದು ಹೆಚ್ಚುಕಮ್ಮಿ ಅಷ್ಟೇ.

ಮೆತ್ತಗಿನ ಅನ್ನಕ್ಕೆ ಹೊಸಕ್ಕಿ ಲೋಟಕ್ಕೆ ಒಂದೂಕಾಲು, ವರ್ಷ ದಾಟಿದ ಅಕ್ಕಿಗೆ ಒಂದೂಮುಕ್ಕಾಲು ಹಿಡೀರಿ. ಅದರ ಮೇಲೆ ಆವಿಗೆ ಅಂತ ಒಟ್ಟಾರೆ ಅರ್ಧ ಲೋಟ. ಹಾಗಾಗಿ ಒಂದು ಲೋಟ ಹೊಸಕ್ಕಿಗೆ ಒಂದೂಮುಕ್ಕಾಲು, ನಾಲ್ಕು ಲೋಟಕ್ಕೆ ಐದೂವರೆ. ನೀವು ಹಾಕಿದ್ದು ಹತ್ತು! ಕುಕ್ಕರಿನೊಳಗೆ ಬೇರೆ ಡಬ್ಬಿಯಲ್ಲಿ ಇಡೋದಾದರೆ ಆ ಅರ್ಧ ಲೋಟವೂ ಬೇಡ, ಆವಿಯಾಗೋದು ತಳದ ನೀರು.

ಹೊಸಕ್ಕಿಯ ಕಾಳು ಇನ್ನೂ ಗಟ್ಟಿಯಾಗಿರಲ್ಲ, ಬೇಯುವಾಗ ಬೇಗ ಒಡೆದು ಪಿಷ್ಟ ಬಿಡುತ್ತೆ. ಹಳೇದು ಬಿಗಿಯಾಗಿ ನಿಂತು ಹೆಚ್ಚು ನೀರು ಎಳೆಯುತ್ತೆ. ತೊಳೆದ ಅಕ್ಕಿಯನ್ನು ಜರಡಿಯಲ್ಲಿ ಸೋಸಿ ಆಮೇಲೆ ನೀರು ಅಳೀರಿ. ಪಾತ್ರೆ ಬಗ್ಗಿಸಿ ಕೈ ಅಡ್ಡ ಹಿಡಿದು ಬಸಿದರೆ ತಳದಲ್ಲಿ ಕಾಲು ಲೋಟ ನೀರು ಸುಲಭವಾಗಿ ಉಳಿಯುತ್ತೆ, ಹೊಸಕ್ಕಿ ಕೆಡೋಕೆ ಅಷ್ಟು ಸಾಕು.

ಬೆಟ್ಟದಂಚು:
ಮೇಲಿನ ಲೆಕ್ಕ ಕುಕ್ಕರಿಗೆ ಸರಿ. ತೆರೆದ ಪಾತ್ರೆಯ ಮಾತು ಬೇರೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ, ಅಲ್ಲಿ ನೀರು 96 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ. ಬೇಯೋಕೆ ಹೊತ್ತು ಹಿಡಿಯುತ್ತೆ, ಅಷ್ಟರಲ್ಲಿ ನೀರೂ ಹೆಚ್ಚು ಆರುತ್ತೆ. ಉರಿ ಜೋರು ಮಾಡಿದರೆ ನೀರಿನ ಬಿಸಿ ಏರಲ್ಲ, ಕಾಳು ಕುಣಿದು ಹೊರಮೈ ಸವೆಯುತ್ತೆ ಅಷ್ಟೇ. ನಿಮಗೆ ಆಗಿರೋದು ಅದೇ.

ಅರ್ಧ ಗಂಟೆ ನೆನೆಸಿ. ಲೋಟಕ್ಕೆ ಐದಾರು ಲೋಟ ನೀರು ಕುದಿಸಿ ಅಕ್ಕಿ ಹಾಕಿ, ಮತ್ತೆ ಕುದಿ ಬಂದ ಕೂಡಲೇ ಉರಿ ತಗ್ಗಿಸಿ. ಒಂದು ಅಗುಳು ತೆಗೆದು ಬೆರಳಲ್ಲಿ ಒತ್ತಿ ನೋಡಿ. ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಂಡಾಗಲೇ ಗಂಜಿ ಬಸಿದು, ಮುಚ್ಚಿ, ಸಣ್ಣ ಕೆಂಡದ ಮೇಲೆ ಹತ್ತು ನಿಮಿಷ ಬಿಡಿ. ಚುಕ್ಕೆ ಪೂರ್ತಿ ಹೋಗಲಿ ಅಂತ ಕಾದರೆ ಹೊಸಕ್ಕಿ ಕೈ ಮೀರುತ್ತೆ.

ತರಿಹಿಟ್ಟು:
ಕಡಂಬುಟ್ಟಿಗೆ ತರಿ ಒಂದು ಲೋಟ, ನೀರು ಎರಡೂಕಾಲು. ಹಳೆ ಅಕ್ಕಿಯ ತರಿಯಾದರೆ ಎರಡೂವರೆ. ಉಪ್ಪು ಹಾಕಿದ ನೀರು ಕುದಿಯುವಾಗ ಒಂದು ಕೈಯಲ್ಲಿ ತರಿ ಉದುರಿಸ್ತಾ ಇನ್ನೊಂದು ಕೈಯಲ್ಲಿ ತಿರುಗಿಸಿ, ಒಟ್ಟಿಗೆ ಸುರಿದರೆ ಗಂಟು. ನೀರು ಇಂಗಿದ ಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ. ಕೈಗೆ ನೀರು ಸವರಿ ಬಿಸಿ ಇರುವಾಗಲೇ ಉಂಡೆ ಕಟ್ಟಿ, ಹಬೆಯಲ್ಲಿ 20–25 ನಿಮಿಷ ಬೇಯಿಸಿ. ಉಂಡೆ ಬಿರುಕು ಬಿಟ್ಟರೆ ನೀರು ಸಾಲದು, ತಟ್ಟೆಯಲ್ಲಿ ಚಪ್ಪಟೆಯಾದರೆ ಹೆಚ್ಚಾಗಿದೆ. ತರಿ ಜರಡಿ ಹಿಡಿದು ಹಿಟ್ಟು ತೆಗೀಲೇಬೇಕು. ಹಿಟ್ಟು ಉಳಿದರೆ ಯಾವ ಅಳತೆಯೂ ನಿಲ್ಲಲ್ಲ, ಉಂಡೆ ಅಂಟಾಗುತ್ತೆ.

ಗದ್ದೆಬದು, ಮಡಿಕೇರಿ:
ನಾಲ್ಕು ಲೋಟಕ್ಕೆ ಐದೂವರೆ ಹಾಕಿದೆ, ಬಿಡಿಬಿಡಿಯಾಗಿ ಬಂತು. ಮೇಲಿನ ಪದರ ಮಾತ್ರ ಸ್ವಲ್ಪ ಗಟ್ಟಿ.

ಒಲೆಮುಂದೆ:
ಕುಕ್ಕರಿನ ರಬ್ಬರ್ ನೋಡಿ. ಅಂಚಿನಿಂದ ಆವಿ ಸೋರ್ತಿದ್ದರೆ ಮೇಲಿನ ಪದರವೇ ಮೊದಲು ಒಣಗೋದು. ಈಗಿನ ಅನ್ನಕ್ಕೆ ಮೂರು ಚಮಚ ಬಿಸಿನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಐದು ನಿಮಿಷ ಇಡಿ. ಕಲಕಬೇಡಿ.