ಆರನೇ ಇಯತ್ತೆ ಮುಗೀಲಾಕತ್ತದ, ಬ್ಯಾಸಗಿ ರಜಾದಾಗ ಎಂಟನೇದ್ದರ ಬೀಜಗಣಿತ ಕಲಿಸಬೇಕೋ ಬ್ಯಾಡೋ?

ತೊಗರಿಕಣಜ (ಕಲಬುರಗಿ):

ಮಗಳು ಆರನೇದ್ದು ಮುಗಿಸ್ಲಾಕತ್ತಾಳ. ರಾಜ್ಯ ಪಠ್ಯಕ್ರಮ, ಕನ್ನಡ ಮಾಧ್ಯಮ, ಅನುದಾನಿತ ಸಾಲಿ. ಮಗ್ಗಿ 20ರ ತನಕ ಬರ್ತದ, ಸಾಲ್ಯಾಗ ಲೆಕ್ಕದ ಅಂಕ ಯಾವಾಗಲೂ ಮ್ಯಾಲೇ ಇರ್ತಾವ. ನಮ್ಮ ಬಡಾವಣ್ಯಾಗಿನ ಒಂದು ಟ್ಯೂಷನ್‌ದವರು ಏಪ್ರಿಲ್‌ದಿಂದ ‘ಫೌಂಡೇಶನ್ ಬ್ಯಾಚ್’ ಅಂತ ಚಾಲೂ ಮಾಡ್ಲಾಕತ್ತಾರ. ಆರು ವಾರದಾಗ ಎಂಟನೇದ್ದರ ಬೀಜೋಕ್ತಿ, ನಿತ್ಯಸಮೀಕರಣ (ಯಾವ ಸಂಖ್ಯೆ ಹಾಕಿದ್ರೂ ಸರಿ ಇರೋ ಸೂತ್ರ), ಅಪವರ್ತನ (ಗುಣಕಗಳಾಗಿ ಒಡಿಯೋದು) ಮುಗಿಸಿ ಒಂಬತ್ತನೇದ್ದರ ಬಹುಪದೋಕ್ತಿ ಹಿಡೀತಾರಂತ. ಈಗೇ ಕಲಿತ್ರ ಮುಂದ ಎನ್‌ಎಂಎಂಎಸ್ (ವಿದ್ಯಾರ್ಥಿವೇತನದ ಪರೀಕ್ಷಾ), ನವೋದಯ (ಸರ್ಕಾರದ ವಸತಿ ಸಾಲಿ) ಪರೀಕ್ಷಾಕ್ಕ ಹಗುರ ಆಗ್ತದ ಅಂತ ಹೇಳ್ತಾರ. ಸೇರಿಸಬೇಕೋ, ಬ್ಯಾಡೋ? ಬ್ಯಾಡ ಅಂದ್ರ ರಜಾದಾಗ ಏನು ಮಾಡಿಸಬೇಕು? ಲೆಕ್ಕ ಗೊತ್ತಿದ್ದವರು ಖುಲ್ಲಾ ಹೇಳ್ರಿ.

ಗಣಿತ_ಸೇಡಂ:

ಆ ಬ್ಯಾಚಿಗೆ ಸೇರಿಸಬ್ಯಾಡ್ರಿ. ಆದ್ರ ಬೀಜಗಣಿತ ಈಗೇ ಶುರು ಮಾಡ್ಲಾಕ ಅಡ್ಡಿಯಿಲ್ಲ. ಇವೆರಡೂ ಬ್ಯಾರೆ ಬ್ಯಾರೆ ಮಾತು.

ಪುಸ್ತಕದ ಅನುಕ್ರಮ ನೋಡ್ರಿ. ಆರನೇದ್ದರಾಗ ಪೂರ್ಣಾಂಕ ಕೂಡಿಸೋದು, ಕಳಿಯೋದು ಅಷ್ಟೇ ಅದ. ಋಣ ಸಂಖ್ಯೆ ಗುಣಿಸೋದು, ಭಾಗಿಸೋದು ಬರೋದು ಏಳನೇದ್ದರಾಗ. ಭಿನ್ನರಾಶಿನೂ ಹಂಗೇ: ಆರನೇದ್ದರಾಗ ಕೂಡಿಸೋದು ಕಳಿಯೋದು, ಏಳನೇದ್ದರಾಗ ಗುಣಾಕಾರ ಭಾಗಾಕಾರ. ಈಗ ಎಂಟನೇದ್ದರ ಲೆಕ್ಕ ಒಂದು ತಗೊಳ್ರಿ, (ಯಾ − 3)(ಯಾ + 5). ಇದನ್ನ ಬಿಡಿಸಬೇಕಂದ್ರ −3 × 5 ಬರಬೇಕು, ಆಮ್ಯಾಲ 5ಯಾ − 3ಯಾ ಆಗಬೇಕು. −3 × 5 ಯಾಕ −15 ಅಂತ ಗೊತ್ತಿಲ್ಲದ ಹುಡುಗಿಗೆ ‘ಮೈನಸ್ ಪ್ಲಸ್ ಮೈನಸ್’ ಅಂತ ಬಾಯಿಪಾಠ ಮಾಡಿಸ್ತಾರ. ಅದೇ ಪಾಠ ಮುಂದ −3 + 5ಕ್ಕೂ ಹಚ್ಚಿ −8 ಬರೀತಾಳ. ಅಲ್ಲಿಗೆ ಮೂರು ವರ್ಷದ ತಪ್ಪು ಪಕ್ಕಾ ಆತು ಅಂತ ತಿಳೀರಿ. ಆ ಬ್ಯಾಚಿನವರು ದಾಟಿ ಹೋಗೋ ಜಾಗ ಇದೇ.

(ಅವ್ಯಕ್ತ, ಅಂದ್ರ ಇನ್ನೂ ಗೊತ್ತಿಲ್ಲದ, ಸಂಖ್ಯೆಗೆ ‘ಯಾ’ ಅಂತ ಬರೆದೀನಿ. ನಮ್ಮ ಹಳೇ ಗಣಿತಜ್ಞರು ಅದನ್ನ ‘ಯಾವತ್-ತಾವತ್’ ಅಂತ ಕರೆದು ‘ಯಾ’ ಅಂತಲೇ ಬರೀತಿದ್ರು. ಎಕ್ಸ್‌ನ ಜಾಗದಾಗ ಇದು ಆರಾಮ ಕೂಡ್ತದ.)

ಮೊದಲು ಆಕೀನ್ನ ಒಂದು ಹಾಳಿ ಮ್ಯಾಲ ಪರೀಕ್ಷೆ ಮಾಡ್ರಿ. 25 ನಿಮಿಷ, ಯಾರೂ ಬಾಜೂಕ ಕೂಡಬಾರದು, ಕಚ್ಚಾ ಕೆಲಸ ಅಳಿಸಬಾರದು:

8 + 4 = □ + 5. ಚೌಕದಾಗ ಯಾವ ಸಂಖ್ಯೆ?
5 − 9 ಎಷ್ಟು? −7 − (−3) ಎಷ್ಟು?
3/4 + 2/5 ಎಷ್ಟು?
24 − 3 × (2 + 4) ಎಷ್ಟು?
ಒಂದು ಸಂಖ್ಯೆಯ ಮೂರರಷ್ಟಕ್ಕ 10 ಕೂಡಿಸಿದ್ರ 160. ಆ ಸಂಖ್ಯೆ ಯಾವುದು, ಹ್ಯಾಂಗ ಸಿಕ್ತು?
ಬೆಂಕಿಕಡ್ಡಿಲೆ ಒಂದು ಚೌಕಕ್ಕ 4 ಕಡ್ಡಿ. ಅದರ ಬಾಜೂಕ ಅಂಟಿಸಿ ಇನ್ನೊಂದು ಚೌಕ ಮಾಡಿದ್ರ ಒಟ್ಟು 7, ಮೂರಕ್ಕ 10. ಹಿಂಗೇ ಸಾಲಾಗಿ 20 ಚೌಕಕ್ಕ ಎಷ್ಟು?

ಉತ್ತರ 7, −4 ಮತ್ತ −4, 23/20, 6, 50, 61. ಅಂಕ ಹಾಕಬ್ಯಾಡ್ರಿ. ತಪ್ಪಾದಲ್ಲಿ ಏನು ಬರೆದಾಳ ಅಂತ ಇಲ್ಲಿ ಹಾಕ್ರಿ, ತಪ್ಪು ಉತ್ತರನೇ ಎಲ್ಲಾ ಹೇಳ್ತದ.

ಬಿದ್ರಿಹೂಜಿ (ಬೀದರ್):

ಮೇಲಿನವರ ಮಾತು ಒಪ್ಪುತ್ತೇನೆ. ಪರೀಕ್ಷೆಗಳ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ, ಯಾಕಂದ್ರೆ ಟ್ಯೂಷನ್‌ದವರು ಹೆದರಿಸುವುದು ಅಲ್ಲೇ.

ಎನ್‌ಎಂಎಂಎಸ್ ಬರೆಯುವುದು ಎಂಟನೇ ತರಗತಿಯಲ್ಲಿ. ಎರಡು ಪತ್ರಿಕೆ, ತಲಾ 90 ಪ್ರಶ್ನೆ. ಒಂದು ಮಾನಸಿಕ ಸಾಮರ್ಥ್ಯದ್ದು, ಇನ್ನೊಂದು ವಿಷಯಗಳದ್ದು. ವಿಷಯದ ಪತ್ರಿಕೆಯಲ್ಲಿ ವಿಜ್ಞಾನ 35, ಸಮಾಜ 35, ಗಣಿತ 20. ಅಂದರೆ ಒಟ್ಟು 180ರಲ್ಲಿ ಪಾಠದ ಗಣಿತ 20 ಮಾತ್ರ, ಅದೂ 7 ಮತ್ತು 8ನೇ ತರಗತಿಯ ಮಟ್ಟದ್ದು. ಒಂಬತ್ತನೇದ್ದರ ಬಹುಪದೋಕ್ತಿಯಿಂದ ಅಲ್ಲಿ ಒಂದು ಅಂಕವೂ ಹೆಚ್ಚಾಗುವುದಿಲ್ಲ. ಸಂಖ್ಯಾ ಸರಣಿ, ಬೆಂಕಿಕಡ್ಡಿಯಂಥ ವಿನ್ಯಾಸ ಇವೇ ಹೆಚ್ಚು ಕೆಲಸಕ್ಕೆ ಬರುತ್ತವೆ. ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ, ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ. ಅನುದಾನಿತ ಶಾಲೆಯವರಿಗೂ ಅವಕಾಶ ಇದೆ, ಕುಟುಂಬದ ಆದಾಯ 3.5 ಲಕ್ಷ ಮೀರಬಾರದು. ಏಳನೇದ್ದರಲ್ಲಿ ಕನಿಷ್ಠ 55 ಪ್ರತಿಶತ ಬೇಕು. ಹಾಗಾಗಿ ಏಳನೇದ್ದನ್ನು ಗಟ್ಟಿ ಮಾಡುವುದೇ ಮೊದಲ ತಯಾರಿ. ನವೋದಯದ ಒಂಬತ್ತನೇ ತರಗತಿ ಪ್ರವೇಶದಲ್ಲಿ ನೂರಕ್ಕೆ 35 ಗಣಿತ, ಎಂಟನೇ ತರಗತಿ ಮಟ್ಟ. ಅದಕ್ಕೆ ಇನ್ನೂ ಕಾಲ ಇದೆ.

ಇನ್ನೊಂದು. ‘ಅಮೆರಿಕದಾಗ ಎಂಟನೇದ್ದಕ್ಕೇ ಆಲ್ಜೀಬ್ರಾ ಕಲೀತಾರ’ ಅನ್ನೋ ವಿಡಿಯೋ ತೋರಿಸಿದರೆ ನಂಬಿ ಓಡಬೇಡಿ. ಅಲ್ಲಿ ಸಾಮಾನ್ಯವಾಗಿ ಆಲ್ಜೀಬ್ರಾ ಒಂದು ವರ್ಷದ ಬೇರೆ ಕೋರ್ಸು, ರೇಖಾಗಣಿತ ಇನ್ನೊಂದು ವರ್ಷ. ಅದನ್ನು ಎಂಟರಲ್ಲೇ ಕೊಡಬೇಕೋ ಒಂಬತ್ತರಲ್ಲೋ ಎಂಬ ಜಗಳ ಅವರದ್ದು. ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಶಾಲೆಗಳು 2014ರಲ್ಲಿ ಎಂಟನೇದ್ದರಿಂದ ಅದನ್ನು ತೆಗೆದು, 2024ರಲ್ಲಿ ಮತ್ತೆ ತರಲು ತೀರ್ಮಾನಿಸಿದವು. ನಾರ್ತ್ ಕರೋಲಿನಾದ ಷಾರ್ಲಟ್ ಭಾಗದಲ್ಲಿ ಹಿಂದುಳಿದವರನ್ನೂ ಎಂಟರಲ್ಲೇ ಆಲ್ಜೀಬ್ರಾಕ್ಕೆ ಹಾಕಿದಾಗ, ಬೇಗ ಕಲಿತವರು ಆ ಪರೀಕ್ಷೆಯಲ್ಲೂ ಕಡಿಮೆ ಅಂಕ ತೆಗೆದರು, ಮುಂದೆ ರೇಖಾಗಣಿತದಲ್ಲೂ ಎಡವಿದರು. ನಮ್ಮಲ್ಲಿ ಬೀಜಗಣಿತ ಆರನೇದ್ದರಿಂದಲೇ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬೆರೆತು ಬರುತ್ತದೆ. ನಿಮ್ಮ ಮಗಳು ತಡವಾಗಿಲ್ಲ.

ತೊಗರಿಕಣಜ (ಕಲಬುರಗಿ):

ಪರೀಕ್ಷೆ ಮಾಡಿಸ್ದೆ. ಮೂರು ತಪ್ಪು: ಚೌಕದಾಗ 12 ಬರೆದಾಳ. −7 − (−3)ಕ್ಕ −10. ಬೆಂಕಿಕಡ್ಡಿಗೆ 80. ಉಳಿದಿದ್ದೆಲ್ಲಾ ಬರೋಬ್ಬರಿ. 160ರ ಲೆಕ್ಕ ಬಾಯಿಲೇ ಮಾಡಿದಳು, 10 ಕಳೆದು ಮೂರರಿಂದ ಭಾಗಿಸಿದೆ ಅಂದಳು.

ಗಣಿತ_ಸೇಡಂ:

ಭಾಳ ಛಲೋ ಮಾಹಿತಿ. ಭಿನ್ನರಾಶಿ ಬರ್ತದ, ಆವರಣ ಬರ್ತದ, ಹಿಂದಕ್ಕ ಬಿಚ್ಚಿ ಲೆಕ್ಕ ಮಾಡೋದು ಬರ್ತದ. ಬುದ್ಧಿ ತಯಾರದ, ಗುರುತುಗಳ ಅರ್ಥ ಅಷ್ಟೇ ತಯಾರಿಲ್ಲ.

12 ಅಂದ್ರ ಆಕಿಗೆ ‘=’ ಗುರುತು ‘ಉತ್ತರ ಬರೀ’ ಅಂತ ಕೇಳಸ್ತದ, ‘ಎರಡೂ ಕಡೆ ಸಮ’ ಅಂತ ಅಲ್ಲ. ಹಿಂಗಿದ್ದವರಿಗೆ ಸಮೀಕರಣ ಅಂದ್ರ ಮಂತ್ರದಂಗ ಕಾಣ್ತದ. ಇದಕ್ಕ ಒಂದು ವಾರ, ದಿನಾ ಹತ್ತು ನಿಮಿಷ ಸಾಕು. ಸರಿಯೋ ತಪ್ಪೋ ಕೇಳ್ರಿ: 7 = 7. 12 = 8 + 4. 6 + 9 = 7 + 8. ಆಮ್ಯಾಲ 48 + 37 = 50 + □, ಕೂಡಿಸದೇ ಹೇಳಬೇಕು. ಎಡಕ್ಕಿನ 48ಕ್ಕಿಂತ ಬಲಕ್ಕಿನ 50 ಎರಡು ಜಾಸ್ತಿ, ಹಂಗಾದ್ರ ಚೌಕ ಎರಡು ಕಮ್ಮಿ, 35. ನೋಟ್‌ಬುಕ್ಕಿನ್ಯಾಗ 8 + 4 = 12 − 3 = 9 × 2 = 18 ಅಂತ ಸರಪಳಿ ಬರೀತಿದ್ರ ಇವತ್ತೇ ಬಿಡಿಸ್ರಿ. ಪ್ರತಿ ಹೆಜ್ಜಿಗೆ ಹೊಸ ಸಾಲು.

−10 ಬಂದದ್ದು ಎರಡು ಗುರುತು ಕೂಡಿಕೊಂಡು ಗೊಂದಲ ಆಗಿ. ಕಡ್ಲಿ ಒಂದು ಅಂದ್ರ +1, ಹುಣಸಿ ಬೀಜ ಒಂದು ಅಂದ್ರ −1, ಎರಡೂ ಜೋಡಿ ಕೂಡಿದ್ರ ಸೊನ್ನೆ. −7 − (−3): ಏಳು ಹುಣಸಿ ಬೀಜ ಇಡ್ರಿ, ಮೂರು ತಗೀರಿ, ನಾಕು ಉಳೀತಾವ. ಈಗ 2 − (−3): ಎರಡು ಕಡ್ಲಿ ಅದಾವ, ತೆಗೀಲಾಕ ಹುಣಸಿ ಬೀಜನೇ ಇಲ್ಲ. ಆವಾಗ ಮೂರು ಸೊನ್ನೆ ಜೋಡಿ ಒಳಗ ಹಾಕಿ ಮೂರು ಹುಣಸಿ ಬೀಜ ತೆಗದ್ರ ಐದು ಕಡ್ಲಿ. ಆ ಸೊನ್ನೆ ಜೋಡಿ ಹಾಕೋ ಉಪಾಯ ಆಕಿಗೇ ಹೊಳೀಲಿ, ಒಂದು ದಿನ ತಡ ಆದ್ರೂ ಹೇಳಬ್ಯಾಡ್ರಿ.

80 ಅಂದ್ರ 20 × 4, ನಡುವಿನ ಕಡ್ಡಿ ಎರಡು ಚೌಕಕ್ಕ ಒಂದೇ ಅಂತ ಕಾಣಲಿಲ್ಲ. ‘ಮೊದಲಿನ ಒಂದು ಕಡ್ಡಿ, ಆಮ್ಯಾಲ ಪ್ರತಿ ಚೌಕಕ್ಕ ಮೂರು’ ಅಂತ ಆಕಿ ಬಾಯಿಲೇ ಬಂದ ಮ್ಯಾಲ 3ಯಾ + 1 ಬರೆಸ್ರಿ. ಅಕ್ಷರ ಹುಟ್ಟೋದೇ ಹಂಗ: ಮಾತು ಮೊದಲು, ಅಕ್ಷರ ಹಿಂದ.

ರಜಾ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆ ತನಕ ಸಿಗ್ತದ. ಬಿಸಲಾಗ ಮಧ್ಯಾಹ್ನ ಕೂಡಿಸಬ್ಯಾಡ್ರಿ, ಮುಂಜಾನೆ ಏಳಕ್ಕ 35 ನಿಮಿಷ, ವಾರಕ್ಕ ಐದು ದಿನ. ಮೊದಲ ಎರಡು ವಾರ ಮ್ಯಾಲಿಂದೇ. ಮುಂದಿನ ಎರಡು ವಾರ ಏಳನೇದ್ದರ ಪೂರ್ಣಾಂಕ ಗುಣಾಕಾರ, ಭಿನ್ನರಾಶಿ ಭಾಗಾಕಾರ. 2/3 ÷ 4 ಅಂದ್ರ ಎರಡು ಮೂರಾಂಶ ರೊಟ್ಟಿ ನಾಕು ಮಂದಿಗೆ, ಒಬ್ಬೊಬ್ಬರಿಗೆ 1/6, ಚಿತ್ರ ಬರೆದೇ ಮಾಡಬೇಕು. ಅವಸರ ಮಾಡಬ್ಯಾಡ್ರಿ, ಬೀಜಗಣಿತ ಮುರಿಯೋದು ಹೆಚ್ಚಾಗಿ ಭಿನ್ನರಾಶಿಯೊಳಗೇ. ನಮ್ಮ ಮಳಖೇಡದಿಂದ ಆಳಿದ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ 9ನೇ ಶತಮಾನದಾಗೇ ಭಿನ್ನರಾಶಿಗೆ ಒಂದು ಅಧ್ಯಾಯನೇ ಮೀಸಲಿಟ್ಟು, ಛೇದಗಳನ್ನ ಸಮ ಮಾಡ್ಲಾಕ ಲ.ಸಾ.ಅ. ಹಿಡಿಯೋ ಕ್ರಮ ಬರೆದಾನ. ಮಗಳಿಗೆ ಮಳಖೇಡ ಕೋಟೆ ತೋರಿಸೋವಾಗ ಇದನ್ನೂ ಹೇಳ್ರಿ.

ಕೊನೇ ಎರಡು ವಾರ ಸರಳ ಸಮೀಕರಣ. ಅಲ್ಲಿ ಒಂದು ಸೂಕ್ಷ್ಮ ಅದ. 3ಯಾ + 10 = 160ಕ್ಕ ಬೀಜಗಣಿತ ಬೇಕಾಗೇ ಇಲ್ಲ, ಆಕಿ ಬಾಯಿಲೇ ಮಾಡಿ ತೋರಿಸ್ಯಾಳ. ಹಿಂಗಾಗಿ ‘ಎಕ್ಸ್ ಯಾಕ ಬರೀಬೇಕು’ ಅಂತ ಬ್ಯಾಸರ ಮಾಡ್ಕೋತಾಳ, ಅದು ನ್ಯಾಯನೇ. ಇದು ಕೊಡ್ರಿ: ಐದು ಸಮ ತೂಕದ ತೊಗರಿ ಚೀಲದಿಂದ 20 ಕೆಜಿ ತಗದ್ರೂ, ಮೂರು ಚೀಲಕ್ಕ 80 ಕೆಜಿ ಹಾಕಿದ್ರೂ ತೂಕ ಒಂದೇ. ಒಂದು ಚೀಲ ಎಷ್ಟು? 5ಯಾ − 20 = 3ಯಾ + 80. ಅವ್ಯಕ್ತ ಎರಡೂ ಕಡೆ ಅದ, ಹಿಂದಕ್ಕ ಬಿಚ್ಚಲಾಕ ಬರಂಗಿಲ್ಲ. ಎರಡೂ ಕಡೆ 3ಯಾ ಕಳೀರಿ, 2ಯಾ − 20 = 80. ಎರಡೂ ಕಡೆ 20 ಕೂಡಿಸ್ರಿ, 2ಯಾ = 100, ಚೀಲ 50 ಕೆಜಿ. ತಾಳೆ: 250 − 20 = 230, 150 + 80 = 230. ಅಕ್ಷರದ ಗರಜು ಆಕಿಗೆ ಇಲ್ಲಿ ತಿಳೀತದ.

ಬಿದ್ರಿಹೂಜಿ (ಬೀದರ್):

ಇನ್ನೊಂದು ಲೆಕ್ಕ ಕೊಡುತ್ತೇನೆ, ಸಜಾತಿ ಪದಕ್ಕೆ (ಒಂದೇ ಅಕ್ಷರ ಇರುವ ಪದಗಳನ್ನು ಕೂಡಿಸುವುದಕ್ಕೆ). ಬಿದ್ರಿ ಎರಕಕ್ಕೆ ಸಾಮಾನ್ಯವಾಗಿ ಸತು 16 ಪಾಲು, ತಾಮ್ರ 1 ಪಾಲು. 850 ಗ್ರಾಂ ಎರಕದಲ್ಲಿ ತಾಮ್ರ ಎಷ್ಟು? 16ಯಾ + ಯಾ = 850. ಇಲ್ಲಿ ಮಕ್ಕಳು 16ಯಾ² ಅಥವಾ ಬರೀ 16ಯಾ ಬರೆಯುತ್ತಾರೆ, ಯಾಕಂದ್ರೆ ಒಂಟಿ ‘ಯಾ’ ಮುಂದೆ ಇರುವ 1 ಕಾಣುವುದಿಲ್ಲ. ಮೊದಲ ಒಂದು ವಾರ 1ಯಾ ಅಂತಲೇ ಬರೆಸಿ. 17ಯಾ = 850, ತಾಮ್ರ 50 ಗ್ರಾಂ, ಸತು 800 ಗ್ರಾಂ.

ಭೀಮಾತೀರ (ಯಾದಗಿರಿ):

ತಡವಾಗಿ ಬಂದೆ. ಎರಡು ಎಚ್ಚರಿಕೆ.

‘ಆ ಕಡೆ ಹೋದರೆ ಚಿಹ್ನೆ ಬದಲು’ ಎಂಬ ಪಕ್ಷಾಂತರ ಸೂತ್ರವನ್ನು ಈ ರಜೆಯಲ್ಲಿ ಯಾರೂ ಹೇಳಿಕೊಡದಿರಲಿ. ಅದನ್ನು ಬೇಗ ಕಲಿತವರು 3ಯಾ = 12 ಇದ್ದರೆ ಯಾ = 12 − 3 = 9 ಎಂದೋ, 12 ÷ (−3) = −4 ಎಂದೋ ಬರೆಯುತ್ತಾರೆ. ಕೂಡಿಕೆ ಯಾವುದು, ಗುಣಾಕಾರ ಯಾವುದು ಎಂಬ ವ್ಯತ್ಯಾಸ ಸೂತ್ರದಲ್ಲಿ ಮುಚ್ಚಿಹೋಗುತ್ತದೆ. ಪ್ರತಿ ಸಾಲಿನ ಪಕ್ಕ ‘ಎರಡೂ ಕಡೆ 3ರಿಂದ ಭಾಗಿಸಿದೆ’ ಎಂದು ಬರೆಸಿ. ನೂರು ಲೆಕ್ಕ ಆದ ಮೇಲೆ ತಾನೇ ಸಾಲು ಬಿಡುತ್ತಾಳೆ, ಆಗ ಬಿಡಲಿ.

ಎರಡನೆಯದು, ಅಕ್ಷರವನ್ನು ವಸ್ತು ಮಾಡುವುದು. ‘5ಮಾ ಅಂದರೆ ಐದು ಮಾವಿನಹಣ್ಣು’ ಎಂದು ಹೇಳಿಕೊಡುವವರು ಬಹಳ. ಕೂಡಿಸುವಾಗ ಇದು ನಡೆಯುತ್ತದೆ, ಆಮೇಲೆ ಕೈಕೊಡುತ್ತದೆ. ಪರೀಕ್ಷಿಸಲು ಹೀಗೆ ಕೇಳಿ: ಒಂದು ಶಾಲೆಯಲ್ಲಿ ಪ್ರತಿ ಶಿಕ್ಷಕರಿಗೆ 35 ವಿದ್ಯಾರ್ಥಿಗಳು. ವಿದ್ಯಾರ್ಥಿಗಳ ಸಂಖ್ಯೆ ವಿ, ಶಿಕ್ಷಕರ ಸಂಖ್ಯೆ ಶಿ, ಸಮೀಕರಣ ಬರಿ. ಅಕ್ಷರವನ್ನು ವಸ್ತು ಎಂದುಕೊಂಡವರು 35ವಿ = ಶಿ ಬರೆಯುತ್ತಾರೆ. ಸರಿಯಾದದ್ದು ವಿ = 35ಶಿ. ಶಿ = 2 ಹಾಕಿ ನೋಡು ಎಂದರೆ ತಪ್ಪು ತಾನೇ ಗೊತ್ತಾಗುತ್ತದೆ. ಹೀಗೆ ಸಂಖ್ಯೆ ಹಾಕಿ ನೋಡುವ ಅಭ್ಯಾಸ ಒಂದಿದ್ದರೆ ಮುಂದೆ (ಅ + ಬ)² = ಅ² + ಬ² ಎಂಬ ತಪ್ಪೂ ನಿಲ್ಲುತ್ತದೆ: 3 ಮತ್ತು 4 ಹಾಕಿದರೆ ಒಂದು ಕಡೆ 49, ಇನ್ನೊಂದು ಕಡೆ 25.

ಎಂಟನೇದ್ದಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ ಯೋಚನೆ ಇದ್ದರೆ ಪದಗಳನ್ನು ಈಗಲೇ ಜೋಡಿಯಾಗಿ ಹೇಳಿ: ಚರಾಕ್ಷರ ಅಂದರೆ ವೇರಿಯೇಬಲ್, ಸಹಗುಣಕ ಅಂದರೆ ಕೋಎಫಿಶಿಯಂಟ್, ಸಜಾತಿ ಪದ ಅಂದರೆ ಲೈಕ್ ಟರ್ಮ್. ಪದ ಗೊತ್ತಿಲ್ಲದ್ದಕ್ಕೇ ಲೆಕ್ಕ ಬರುವ ಮಕ್ಕಳೂ ಹಿಂದೆ ಕೂರುತ್ತಾರೆ, ಅದನ್ನು ನೋಡಿದರೆ ಸಂಕಟವಾಗುತ್ತದೆ.

ತೊಗರಿಕಣಜ (ಕಲಬುರಗಿ):

ಬ್ಯಾಚಿಗೆ ಇಲ್ಲ ಅಂತ ಹೇಳ್ದೆ. ಒಂದು ಪ್ರಶ್ನಾ ಉಳೀತು: ಮೇ ಕೊನೆಗೆ ಎಲ್ಲಾ ಬಂತಂದ್ರ ಎಂಟನೇದ್ದು ಹಿಡಿಬಹುದೇನು?

ಗಣಿತ_ಸೇಡಂ:

ಹಿಡೀರಿ, ಆದ್ರ ಒಂದು ಚರಾಕ್ಷರದ ರೇಖಾತ್ಮಕ ಸಮೀಕರಣ (ಒಂದೇ ಅಕ್ಷರ, ಅದರ ವರ್ಗ ಇಲ್ಲದ್ದು) ಮಾತ್ರ. ನಿತ್ಯಸಮೀಕರಣ, ಅಪವರ್ತನ ಬ್ಯಾಡ. ದಾಟೋ ಮೊದಲು ಈ ಒಂದು ಲೆಕ್ಕ ಕೊಡ್ರಿ: 7 − 2(ಯಾ − 3) = 1. ಯಾರೂ ಹೇಳಿಕೊಡದೇ −2ನ್ನ ಆವರಣದ ಎರಡೂ ಪದಕ್ಕ ಗುಣಿಸಿ 7 − 2ಯಾ + 6 = 1 ಬರೆದು, ಯಾ = 6 ತಂದು, ಮತ್ತ 6 ಹಾಕಿ ತಾಳೆ ನೋಡಿದ್ರ ಆಕಿ ತಯಾರ ಅದಾಳ. 7ರಾಗ 2 ಮೊದಲೇ ಕಳೆದು 5(ಯಾ − 3) ಅಂತ ಶುರು ಮಾಡಿದ್ರ ಆವರಣದ ಕ್ರಮ ಇನ್ನೂ ಕೂತಿಲ್ಲ. 7 − 2ಯಾ − 6 ಬಂದ್ರ ಕಡ್ಲಿ, ಹುಣಸಿ ಬೀಜ ಮತ್ತ ಹೊರಗ ತಗೀರಿ.