ಸರ್ವಿಸ್‌ನಲ್ಲಿರುವವರಿಗೆ ಮಾಜಿ ಸ್ಯಾಪರ್‌ಗಳ ಸಂಘ ಯಾಕೆ?

ಹಳೇ ತಂಬಿ: ಮೊನ್ನೆ ನಮ್ಮ ತಾಲ್ಲೂಕಿನ ಮಾಜಿ ಸ್ಯಾಪರ್‌ಗಳ (ಸೇನೆಯ ಇಂಜಿನಿಯರ್ ದಳದ ಸೈನಿಕರ) ಸಭೆ ಇತ್ತು. ಈಗ ಸರ್ವಿಸ್‌ನಲ್ಲಿರುವ ಹುಡುಗರನ್ನೂ ಸೇರಿಸಿಕೊಳ್ಳೋಣ ಅಂದೆ. "ಅವರಿಗೆ ಯೂನಿಟ್ ಇದೆಯಲ್ಲ, ನಮಗ್ಯಾಕೆ ಉಸಾಬರಿ" ಅಂದುಬಿಟ್ಟರು. ನಾನು ಹಲಸೂರು ಕೆರೆ ಪಕ್ಕದ ಎಂಇಜಿ (ಮದ್ರಾಸ್ ಇಂಜಿನಿಯರ್ ಗ್ರೂಪ್) ಸೆಂಟರ್‌ನಲ್ಲಿ ಟ್ರೇನಿಂಗ್ ಆದವನು, 17 ವರ್ಷ ಸರ್ವಿಸ್. ನೀವೇನಂತೀರಿ?

ರಜೆಯಲ್ಲಿದ್ದೀನಿ: ಸೇರಿಸಿ ಏನು ಮಾಡುತ್ತೀರಿ ಅಣ್ಣ? ಸೆಪ್ಟೆಂಬರ್ 30ಕ್ಕೆ ಗ್ರೂಪ್ ಹುಟ್ಟಿದ 1780ರ ಕಥೆ ಹೇಳಿ, ಬಡಾಖಾನಾ (ಎಲ್ಲರೂ ಸೇರಿ ಉಣ್ಣುವ ದೊಡ್ಡ ಊಟ) ಮಾಡಿ, ಫೋಟೋ ಹಾಕುತ್ತೀರಿ. ಅಷ್ಟಕ್ಕೆ ನಾನ್ಯಾಕೆ ಚಂದಾ ಕೊಡಲಿ?

ಸೆಕ್ಷನ್ ಸ್ವಾಮಿ: ಚಂದಾ ಆಮೇಲೆ. ಸೇನಾ ಕಾಯ್ದೆ 1950ರ 21ನೇ ಸೆಕ್ಷನ್ ಓದಿ. ಸೈನಿಕರು ಸಂಘ ಸೇರುವುದಕ್ಕೆ ಸರ್ಕಾರ ಮಿತಿ ಹಾಕಬಹುದು. ಅನುಮತಿ ಕೇಳದೆ ರಸೀದಿ ಹರಿದರೆ ತೊಂದರೆ ಹುಡುಗನಿಗೇ, ನಿಮಗಲ್ಲ.

ಹಳೇ ತಂಬಿ: ಒಪ್ಪಿದೆ. ಆದರೆ ನನ್ನ ಚಿಂತೆ ಬೇರೆ. ನಮ್ಮ ಬೀದಿಯಲ್ಲಿ ಒಬ್ಬ ಹವಾಲ್ದಾರ್ ತೀರಿಕೊಂಡ. ಅವನ ಹೆಂಡತಿ ಪ್ಲಾಸ್ಟಿಕ್ ಕವರ್ ತುಂಬ ಕಾಗದ ಹಿಡಿದು ನಮ್ಮ ಜಗಲಿ ಮೇಲೆ ಬಂದು ಕೂತರು. ಸೇನೆಯ ದಾಖಲೆಯಲ್ಲಿ ಜಯಮ್ಮ, ಆಧಾರ್‌ನಲ್ಲಿ ಜಯಲಕ್ಷ್ಮಿ. ಮದುವೆ ಆದಾಗ ಪಾರ್ಟ್ ಟು ಆರ್ಡರ್‌ನಲ್ಲಿ (ಮದುವೆ, ಮಕ್ಕಳ ವಿವರ ದಾಖಲಿಸುವ ಸೇನೆಯ ಆದೇಶ) ಮನೆಯಲ್ಲಿ ಕರೆಯೋ ಹೆಸರು ಬರೆಸಿದ್ದಾನೆ ಪುಣ್ಯಾತ್ಮ. 11 ತಿಂಗಳು ಫ್ಯಾಮಿಲಿ ಪಿಂಚಣಿ ಇಲ್ಲ. ಅವನು ಯೂನಿಫಾರ್ಮ್‌ನಲ್ಲಿದ್ದಾಗಲೇ ಒಂದು ಅರ್ಜಿ, ಒಂದು ಅಫಿಡವಿಟ್ ಕೊಟ್ಟಿದ್ದರೆ ಮುಗಿಯುತ್ತಿತ್ತು, ಸತ್ತ ಮೇಲೆ ಅದೇ ಬೆಟ್ಟ ಆಯಿತು.

ಟಾರ್ಪಿಡೊ: ಇತಿಹಾಸವನ್ನೂ ಬಿಡಬೇಡಿ. ಮುಳ್ಳುತಂತಿ ಬೇಲಿ ಸಿಡಿಸುವ ಸ್ಫೋಟಕ ಕೊಳವೆ, ಬೆಂಗಳೂರು ಟಾರ್ಪಿಡೊ, 1912ರಲ್ಲಿ ನಮ್ಮ ಮದ್ರಾಸ್ ಸ್ಯಾಪರ್ಸ್‌ನಲ್ಲೇ (ಅಂದರೆ ಎಂಇಜಿಯಲ್ಲೇ) ಹುಟ್ಟಿದ್ದು. ನಮ್ಮೂರ ಶಾಲೆ ಮಕ್ಕಳಿಗೆ ಗೊತ್ತೇ ಇಲ್ಲ.

ಹಳೇ ತಂಬಿ: ಹೇಳೋಣ ಸಾರ್. ಮೊದಲು ಜಯಮ್ಮನ ಕೆಲಸ ಆಗಲಿ.

ರಜೆಯಲ್ಲಿದ್ದೀನಿ: ಈಗ ಅರ್ಥವಾಯಿತು. 2024ರಲ್ಲಿ ಭೂಕುಸಿತ ಆದ ವಯನಾಡಿನ ಚೂರಲ್‌ಮಲದಲ್ಲಿ ನಮ್ಮ ಗ್ರೂಪ್‌ನವರು 190 ಅಡಿಯ ಬೈಲಿ ಸೇತುವೆ (ಉಕ್ಕಿನ ಪ್ಯಾನೆಲ್ ಜೋಡಿಸಿ ಬೇಗ ಕಟ್ಟುವ ಸೇತುವೆ) ಕಟ್ಟಿದಾಗ ಎಲ್ಲರೂ ಸ್ಟೇಟಸ್ ಹಾಕಿಕೊಂಡೆವು. ಒಂದು ಪ್ಯಾನೆಲ್ ಸುಮಾರು 260 ಕೆಜಿ, ಆರು ಜನ ಹೆಗಲು ಕೊಡಬೇಕು. ಆ ಕೆಲಸ ಕಣ್ಣು ಮುಚ್ಚಿ ಮಾಡುತ್ತೇವೆ. ಆದರೆ ನಿಜ ಹೇಳುತ್ತೇನೆ, ನನ್ನ ದಾಖಲೆಯಲ್ಲಿ ಹೆಂಡತಿ ಹೆಸರು ಹೇಗೆ ಬರೆದಿದೆ ಅಂತ ನನಗೇ ಗೊತ್ತಿಲ್ಲ. ಕ್ಲರ್ಕ್ ತೋರಿಸಿದ ಕಡೆ ಸಹಿ ಹಾಕಿದ್ದು, ಅಷ್ಟೇ.

ಸೆಕ್ಷನ್ ಸ್ವಾಮಿ: ಹಾಗಾದರೆ ಸದಸ್ಯತ್ವ, ಚಂದಾ ಎಲ್ಲ ಬಿಡಿ. ರಜೆಗೆ ಬಂದವರನ್ನು ಸುಮ್ನೆ ಒಂದು ಭಾನುವಾರ ಕರೆಯಿರಿ, ಕಾಗದ ನೋಡಿ ಕಳಿಸಿ. ಅದಕ್ಕೆ ಯಾವ ಸೆಕ್ಷನ್ನೂ ಅಡ್ಡ ಬರುವುದಿಲ್ಲ.

ಹಳೇ ತಂಬಿ: ಮುಂದಿನ ಭಾನುವಾರ ನಮ್ಮ ಜಗಲಿಯಲ್ಲೇ. ಆಧಾರ್, ಮದುವೆ ಸರ್ಟಿಫಿಕೇಟ್, ಮಕ್ಕಳ ಜನನ ಪ್ರಮಾಣಪತ್ರ ತನ್ನಿ.

ಸ್ಯಾಪರ್ ಮನೆಯವಳು: ಜೊತೆಗೆ ಹೆಂಡತಿಯನ್ನೂ ಕರೆತರಲು ಹೇಳಿ ಅಣ್ಣ. ನಮ್ಮ ಹೆಸರು ನಮಗೇ ಸರಿಯಾಗಿ ಗೊತ್ತಿರುವುದು.