ಔಷಧಿ ಕೊಟ್ಟು ಉಳಿಸಿದರೆ ರೋಗ ಬೆಳೆಯುತ್ತಾ? (ಡಾಕ್ಟರ್ ಜೊತೆ ಪ್ರಶ್ನೋತ್ತರ)

ಪ್ರಶ್ನೆ (ಚಿತ್ತಾಪುರದಿಂದ):
ನಮಸ್ಕಾರ ಮೇಡಂ. ನಮ್ಮ ಅಕ್ಕನ ಮಗನಿಗೆ ಥಲಸ್ಸೀಮಿಯಾ ಇದೆ, ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ, ಹುಟ್ಟಿನಿಂದಲೇ ಬರುವ ಕಾಯಿಲೆ. ಮೂರು ವಾರಕ್ಕೊಮ್ಮೆ ಕಲಬುರಗಿಗೆ ಕರ್ಕೊಂಡು ಬಂದು ರಕ್ತ ಹಾಕಿಸುತ್ತೇವೆ. ಮೊನ್ನೆ ಒಂದು ಮದುವೆಯಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು, ಓದಿದವರೇ, ಅಕ್ಕನ ಎದುರಿಗೇ ಹೇಳಿದರು: "ಹಿಂದೆ ಗಟ್ಟಿ ಕೂಸು ಉಳೀತಿತ್ತು, ಉಳಿದವು ಹೋಗ್ತಿದ್ದವು. ಈಗ ದವಾಖಾನೆಯವರು ಎಲ್ಲರನ್ನೂ ಉಳಿಸ್ತಾರೆ, ಅವರು ಲಗ್ನ ಆಗಿ ಮಕ್ಕಳು ಮಾಡ್ಕೋತಾರೆ, ಅದಕ್ಕೇ ನೋಡ್ರಿ ಮನೆಮನೆಗೆ ಶುಗರು, ಬಿಪಿ." ಡಾರ್ವಿನ್ ಹೆಸರೂ ತೆಗೆದರು. ಅಕ್ಕ ಊಟ ಬಿಟ್ಟು ಎದ್ದು ಹೋದಳು. ನನಗೆ ಸಿಟ್ಟು ಬಂತು, ಉತ್ತರ ಹೊಳೆಯಲಿಲ್ಲ. ಸಮಾಧಾನದ ಮಾತು ಬೇಡ ಮೇಡಂ, ವಿಜ್ಞಾನದ ಪ್ರಕಾರ ಅವರು ಹೇಳಿದ್ದರಲ್ಲಿ ನಿಜ ಎಷ್ಟು?

ಉತ್ತರ (ಮಕ್ಕಳ ಡಾಕ್ಟರ್, ಕಲಬುರಗಿ):
ಮೊದಲು ನಿಮ್ಮ ಅಕ್ಕನಿಗೆ ಹೇಳಿ, ಮಗನಿಗೆ ರಕ್ತ ಹಾಕಿಸಿ ಅವರು ಯಾರಿಗೂ ಅನ್ಯಾಯ ಮಾಡುತ್ತಿಲ್ಲ.

ಆ ಹಿರಿಯರ ಮಾತಿನಲ್ಲಿ ಒಂದೆಳೆ ನಿಜ ಇದೆ. ಮುಂಚೆ ಸಾಯುತ್ತಿದ್ದ ಮಗು ಈಗ ಬದುಕಿ ಮುಂದೆ ಮಕ್ಕಳನ್ನು ಪಡೆದರೆ ಆ ಜೀನ್ ಮುಂದಿನ ತಲೆಮಾರಿಗೆ ಹೋಗುತ್ತದೆ. ಆದರೆ ಎಷ್ಟು ಹೋಗುತ್ತದೆ? ಹತ್ತು ಸಾವಿರಕ್ಕೆ ಒಬ್ಬರಿಗೆ ಬರುವ ಕಾಯಿಲೆ ತಗೊಳ್ಳಿ, ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಕಾಣಿಸಿಕೊಳ್ಳುವಂಥದ್ದು. ಅದೇ ಹತ್ತು ಸಾವಿರದಲ್ಲಿ ಸುಮಾರು 200 ಜನ ಆ ಜೀನನ್ನು ಒಂದೊಂದು ಹೊತ್ತುಕೊಂಡು ಆರಾಮಾಗಿ ಓಡಾಡಿಕೊಂಡಿರುತ್ತಾರೆ, ಅವರಿಗೆ ಅದು ಗೊತ್ತೇ ಇರುವುದಿಲ್ಲ. ಕಾಯಿಲೆ ಇರುವ ಆ ಒಬ್ಬರು ಬದುಕಿದರೂ ಸತ್ತರೂ ಜೀನು ಇರುವುದು ಹೆಚ್ಚುಕಮ್ಮಿ ಈ 200 ಜನರಲ್ಲೇ ಅಲ್ವಾ? ಇಂಥ ರೋಗಿಗಳೆಲ್ಲ ಬದುಕಿ ಎಲ್ಲರ ಹಾಗೆ ಮಕ್ಕಳು ಮಾಡಿಕೊಂಡರೂ ಆ ಜೀನಿನ ಪ್ರಮಾಣ ದುಪ್ಪಟ್ಟಾಗಲು ಸುಮಾರು ನೂರು ತಲೆಮಾರು ಹಿಡಿಯುತ್ತದೆ. ಎರಡೂವರೆ ಸಾವಿರ ವರ್ಷ. ಹಾಗಿರುವಾಗ ನಮ್ಮ ಅಜ್ಜಂದಿರ ಕಾಲದಿಂದ ಈಚೆಗೆ ಏರಿದ ಶುಗರಿಗೆ ಇದು ಕಾರಣ ಅನ್ನುವುದು ಆಗದ ಮಾತು. ಅದೂ ಅಲ್ಲದೆ ಶುಗರು, ಬಿಪಿ ಜಾಸ್ತಿ ಮಂದಿಗೆ ಬರುವುದೇ ಮಕ್ಕಳಾದ ಮೇಲೆ. ನಿಸರ್ಗದ ಆಯ್ಕೆಗೆ (ಮಕ್ಕಳಾಗುವ ಮುಂಚೆಯೇ ಸಾಯುವವರ ಜೀನ್ ಕಡಿಮೆಯಾಗುತ್ತಾ ಹೋಗುವುದು, ಡಾರ್ವಿನ್ ಹೇಳಿದ್ದು) ಅಲ್ಲಿ ಹೆಚ್ಚಿನ ಕೆಲಸವೇ ಇಲ್ಲ. ಊಟ, ಕೂತು ಮಾಡುವ ಕೆಲಸ, ಆಯುಷ್ಯ, ಇವು ಬದಲಾಗಿವೆ.

ಇನ್ನು ಥಲಸ್ಸೀಮಿಯಾ. ಇದೂ ತಂದೆ ತಾಯಿ ಇಬ್ಬರಿಂದಲೂ ಜೀನ್ ಬಂದರೆ ಕಾಣಿಸಿಕೊಳ್ಳುವ ಕಾಯಿಲೆ. ಅದನ್ನು ಬೆಳೆಸಿದ್ದು ದವಾಖಾನೆ ಅಲ್ಲ, ನಿಸರ್ಗವೇ! ಈ ಜೀನ್ ಒಂದೇ ಇದ್ದವರಿಗೆ ಮಲೇರಿಯಾ ಜೀವಕ್ಕೆ ಬರುವುದು ಕಡಿಮೆ. 1949ರಲ್ಲಿ ಹಾಲ್ಡೇನ್ ಹೀಗಿರಬಹುದು ಅಂತ ಊಹಿಸಿದರು (ಆಮೇಲೆ ಭಾರತಕ್ಕೇ ಬಂದು ನೆಲೆಸಿದ ವಿಜ್ಞಾನಿ). 1954ರಲ್ಲಿ ಆಂಥನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಸಿಕಲ್ ಸೆಲ್ (ಹೀಗೇ ಜೀನಿನಿಂದ ಬರುವ ಇನ್ನೊಂದು ರಕ್ತದ ಕಾಯಿಲೆ) ವಿಷಯದಲ್ಲಿ ಅದನ್ನೇ ತೋರಿಸಿದರು. ರಕ್ತ ಹಾಕುವ ವ್ಯವಸ್ಥೆ ಇಲ್ಲದ ಸಾವಿರಾರು ವರ್ಷ ಈ ಮಕ್ಕಳು ಸಾಯುತ್ತಲೇ ಇದ್ದರು. ಜೀನ್ ಎಲ್ಲಿಗೂ ಹೋಗಲಿಲ್ಲ.

"ಗಟ್ಟಿ ಇದ್ದವರು ಉಳೀತಿದ್ದರು" ಅನ್ನುವುದು ನನಗೆ ಎಲ್ಲಕ್ಕಿಂತ ನೋವಿನ ಮಾತು. 1918ರ ಇನ್‌ಫ್ಲುಯೆಂಜಾ 20ರಿಂದ 40 ವಯಸ್ಸಿನ ಗಟ್ಟಿಮುಟ್ಟಾದವರನ್ನೇ ಹೆಚ್ಚು ಕೊಂದಿತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾರುಹುಣ್ಣು ನೋಡಿದ ಹಿರಿಯರು ಇನ್ನೂ ಇದ್ದಾರೆ, ಕಾಲಿನಿಂದ ಉದ್ದಕ್ಕೆ ಹುಳ ಹೊರಬರುತ್ತಿತ್ತು. ಎಷ್ಟೋ ತಲೆಮಾರು ನರಳಿದರೂ ಅದನ್ನು ತಡೆಯುವ ಮೈ ನಮಗೆ ಬರಲಿಲ್ಲ. ನೀರು ಸೋಸಿ ಕುಡಿದು, ಮೆಟ್ಟಿಲು ಬಾವಿಗೆ ಇಳಿಯುವುದನ್ನು ನಿಲ್ಲಿಸಿದ ಮೇಲೆ ಹೋಯಿತು. ದೇಶದಲ್ಲಿ ಕೊನೆಯ ರೋಗಿ ಕಂಡದ್ದು 1996ರಲ್ಲಿ. ವಾಂತಿಭೇದಿಯಿಂದ ಸತ್ತ ಕೂಸು ದುರ್ಬಲ ಅಲ್ಲ. ಅದರ ಮನೆಗೆ ಒಳ್ಳೆಯ ನೀರು ಇರಲಿಲ್ಲ, ಅಷ್ಟೇ.

ಹುಮನಾಬಾದಿನಿಂದ ಒಬ್ಬರು:
ಮೇಡಂ, ನಾನು ಜೀವಶಾಸ್ತ್ರ ಪಾಠ ಮಾಡುತ್ತೇನೆ. ಸಿಜೇರಿಯನ್‌ನಿಂದ ಸಣ್ಣ ಸೊಂಟದ ಜೀನ್ ಹೆಚ್ಚುತ್ತಿದೆ ಅಂತ ಓದಿದ್ದೆ. ಅದು ಸುಳ್ಳಾ?

ಉತ್ತರ:
ಸುಳ್ಳಲ್ಲ ಸರ್, ಆದರೆ ಅದು ಗಣಿತದ ಅಂದಾಜು. 2016ರಲ್ಲಿ ವಿಯೆನ್ನಾದ ತಂಡ ಲೆಕ್ಕ ಹಾಕಿದ್ದು. ಮಗುವಿನ ತಲೆ ದಾರಿಗೆ ಹೊಂದದ ಹೆರಿಗೆಗಳು ನೂರಕ್ಕೆ 3 ಇದ್ದದ್ದು 3.3ರಿಂದ 3.6ರವರೆಗೆ ಆಗಿರಬಹುದು ಅಂದರು. ನಮ್ಮ ಕಡೆ ಸೊಂಟ ಬೆಳೆಯದೇ ಇರುವುದಕ್ಕೆ ಕಣ್ಣಿಗೆ ಕಾಣುವ ಕಾರಣ ಬೇರೆ ಇವೆ: ಹುಡುಗಿಗೆ ಹೊಟ್ಟೆತುಂಬ ಪೌಷ್ಟಿಕ ಊಟ ಇಲ್ಲ, ಮೈ ಬೆಳೆಯುವ ಮುಂಚೆ ಲಗ್ನ. ಸಿಜೇರಿಯನ್ ಬೇಡ ಅಂದರೆ ಆ ತಾಯಿ ಸಾಯಬೇಕು, ಬೇರೆ ಏನೂ ಸುಧಾರಿಸುವುದಿಲ್ಲ.

ಶಹಾಪುರದಿಂದ ಒಬ್ಬರು:
ಹಾಗಾದರೆ ಇಂಥ ಜೀನ್ ಇದ್ದವರು ಮಕ್ಕಳನ್ನು ಮಾಡಿಕೊಳ್ಳಬಾರದು ಅಂತ ಕಾನೂನೇ ಮಾಡಿದರೆ ಆಗಲ್ವಾ?

ಉತ್ತರ:
ಮಾಡಿ ನೋಡಿದ್ದಾರೆ ಅಣ್ಣಾ. ಜರ್ಮನಿಯಲ್ಲಿ 1933ರಲ್ಲಿ ಕಾನೂನು ತಂದು ಸುಮಾರು 4 ಲಕ್ಷ ಜನರಿಗೆ ಬಲವಂತವಾಗಿ ಸಂತಾನಹರಣ ಚಿಕಿತ್ಸೆ ಮಾಡಿದರು. ಆಮೇಲೆ ಅಂಗವಿಕಲ ಮಕ್ಕಳನ್ನು ಕೊಂದರು. ಡಾರ್ವಿನ್ ಹೆಸರು ಹೇಳುವವರು ಇದನ್ನೂ ಓದಬೇಕು: ಲಸಿಕೆಯಿಂದ ದುರ್ಬಲರು ಉಳಿಯುತ್ತಾರೆ ಅಂತ 1871ರಲ್ಲಿ ಅವರೇ ಬರೆದರು, ಆದರೆ ಅದರ ಬೆನ್ನಿಗೇ, ದುರ್ಬಲರ ಕೈ ಬಿಟ್ಟರೆ ನಮ್ಮೊಳಗಿನ ಅತ್ಯುತ್ತಮ ಗುಣವನ್ನೇ ಕಳೆದುಕೊಳ್ಳುತ್ತೇವೆ ಅಂತಲೂ ಬರೆದರು.

ಕೆಲಸಕ್ಕೆ ಬರುವ ದಾರಿ ಸೈಪ್ರಸ್ ದೇಶದ್ದು. ಅಲ್ಲಿ ಸುಮಾರು ಏಳರಲ್ಲಿ ಒಬ್ಬರು ಥಲಸ್ಸೀಮಿಯಾ ವಾಹಕರು, ಅಂದರೆ ಆ ಜೀನ್ ಒಂದೇ ಹೊತ್ತವರು. 1970ರ ದಶಕದಿಂದ ಮದುವೆಗೆ ಮುಂಚೆ ರಕ್ತ ಪರೀಕ್ಷೆ, ಸಲಹೆ, ಗರ್ಭದಲ್ಲಿ ಪರೀಕ್ಷೆ ಶುರು ಮಾಡಿದರು. ರೋಗ ಇರುವ ಮಕ್ಕಳು ಹುಟ್ಟುವುದು ಬಹುತೇಕ ನಿಂತಿತು, ಇದ್ದ ಮಕ್ಕಳಿಗೆ ಚಿಕಿತ್ಸೆಯೂ ನಿಲ್ಲಲಿಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರ ಮೇಡಂ, ಅಕ್ಕನಿಗೆ ಓದಿ ಹೇಳಿದೆ. ಒಂದು ಮಾತು. ಅಕ್ಕನನ್ನ ನಮ್ಮ ಸಣ್ಣ ಮಾವನಿಗೇ, ಅಂದರೆ ಅವ್ವನ ತಮ್ಮನಿಗೇ ಕೊಟ್ಟಿದ್ದೇವೆ. ನನಗೂ ದೊಡ್ಡ ಮಾವನ ಮಗಳನ್ನ ತರುವ ಮಾತು ನಡೆದಿದೆ. ತೊಂದರೆ ಇದೆಯಾ?

ಉತ್ತರ:
ಮಾತು ಮುಗಿಸುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು ತಮ್ಮಾ. ಅಕ್ಕ, ಮಾವ ಇಬ್ಬರೂ ವಾಹಕರು, ಹಾಗಾಗಿ ಜೀನ್ ಅವ್ವನ ತವರಿನ ಕಡೆಯದು ಇರಬೇಕು. ನೀವೂ ವಾಹಕ ಆಗಿರುವ ಸಾಧ್ಯತೆ ಅರ್ಧಕ್ಕರ್ಧ. ನಿಮಗೂ ಆ ಹುಡುಗಿಗೂ ಈ ಜೀನ್ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಅಪಾಯ ನಾಲ್ಕರಲ್ಲಿ ಒಂದು ಪಾಲು. ಇಬ್ಬರೂ ಎಚ್‌ಪಿಎಲ್‌ಸಿ ಅನ್ನುವ, ವಾಹಕರನ್ನು ಪತ್ತೆ ಮಾಡುವ ರಕ್ತ ಪರೀಕ್ಷೆ ಮಾಡಿಸಿ. ಜೊತೆಗೆ ಕಬ್ಬಿಣಾಂಶವನ್ನೂ ನೋಡಿಸಿ, ಅದು ಕಡಿಮೆ ಇದ್ದರೆ ವಾಹಕರು ಕೆಲವೊಮ್ಮೆ ಸಿಕ್ಕಿಬೀಳುವುದಿಲ್ಲ. ಅಕ್ಕನಿಗೆ ಮತ್ತೆ ದಿನ ನಿಂತರೆ ತಡಮಾಡದೆ ಬರಲಿ, ಹತ್ತು ಹನ್ನೆರಡು ವಾರದ ಹೊತ್ತಿಗೇ ಗರ್ಭದ ಪರೀಕ್ಷೆ ಮಾಡಲು ಆಗುತ್ತದೆ. ರಿಪೋರ್ಟ್ ಬಂದ ಮೇಲೆ ಇಬ್ಬರದ್ದೂ ಒಟ್ಟಿಗೇ ತಗೊಂಡು ಬನ್ನಿ, ಹುಡುಗಿಯ ಅಪ್ಪ ಅವ್ವನನ್ನೂ ಕರ್ಕೊಂಡು ಬನ್ನಿ.